ಹಿಂದಿನ ಟೈರಿನ ಅಚ್ಚು

ನಮ್ಮನೆಯವರ ಬೈಕಿನ ಮೇಲೆ ನನಗೆ ಮೊದಲಿನಿಂದಲೂ ಒಂದೇ ದೂರು. ಬೆಳಗ್ಗೆ ನಾನು ಬಾಗಿಲಿಗೆ ನೀರು ಹಾಕಿ, ಚುಕ್ಕಿ ಇಟ್ಟು, ಎಳೆ ಎಳೆದು, ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಅದು ನನ್ನ ರಂಗೋಲಿಯ ನಡುಮಧ್ಯೆ ಹಾದು ಹೋಗುತ್ತಿತ್ತು.

"ಸ್ವಲ್ಪ ಪಕ್ಕಕ್ಕೆ ತಳ್ಕೊಂಡು ಹೋಗ್ರೀ."

"ಗೇಟ್ ಇರೋದೇ ಇಷ್ಟಗಲ. ನಾನೇನ್ ಹಾರ್ಕೊಂಡ್ ಹೋಗ್ಲಾ?"

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ವಿಜಯನಗರದ ಬಾಡಿಗೆ ಮನೆ ಬಿಟ್ಟು ನಾವು ಕೆಂಗೇರಿ ಉಪನಗರಕ್ಕೆ ಬಂದಿದ್ದೆವು. ಮಗಳು, ಅಳಿಯ ಇಬ್ಬರೂ ಬೇಗ ಎದ್ದು ಗಾರ್ಮೆಂಟ್ಸಿಗೆ ಓಡುವವರು. ಒಂದನೇ ಕ್ಲಾಸಿನ ಮೊಮ್ಮಗಳ ಸ್ಕೂಲು ಮಾತ್ರ ವಿಜಯನಗರದಲ್ಲೇ ಉಳಿದಿತ್ತು. ಆದ್ದರಿಂದ ಅವಳ ಅಜ್ಜ, ಅಂದರೆ ನಮ್ಮನೆಯವರು, ಅವಳನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಮೈಸೂರು ರಸ್ತೆಯ ಲಾರಿ ಬಸ್ಸುಗಳ ಮಧ್ಯೆ ದಿನಾ ಹೋಗಿ ಬರುತ್ತಿದ್ದರು.

ಎಷ್ಟು ಬೈದರೂ ಆ ಟೈರಿನ ಅಚ್ಚನ್ನು ನೋಡುವುದು ನನಗೆ ರೂಢಿಯಾಗಿಬಿಟ್ಟಿತ್ತು. ಟೈರು ಒತ್ತಿದ ಕಡೆ ಪುಡಿ ಚಪ್ಪಟೆ, ಅದರ ಗೀರು ಇದ್ದ ಕಡೆ ಪುಡಿ ಉಬ್ಬಿ ನಿಂತಿರುತ್ತಿತ್ತು. ಹೊಸ ಮನೆಗೆ ಬಂದಾಗ ಆ ಅಚ್ಚು ಚಕ್ಕುಲಿಯ ಹಾಗೆ ಮುಳ್ಳುಮುಳ್ಳಾಗಿತ್ತು. ಬರುಬರುತ್ತಾ ಅಂಚಿನಲ್ಲಷ್ಟೇ ಮುಳ್ಳು ಉಳಿಯಿತು. ಒಂದು ಬೆಳಗ್ಗೆ ನೋಡುತ್ತೇನೆ, ನಡುವೆ ಏನೂ ಇಲ್ಲ. ಲಟ್ಟಣಿಗೆ ಉರುಳಿಸಿದಂತೆ ಬೋಳು ಪಟ್ಟಿ.

ಗಾಡಿಯ ವಿಚಾರ ನನಗೆ ಗೊತ್ತಿರಲಿಲ್ಲ, ಅದು ನಿಜ. ಆದರೆ ಅಡಿ ಸವೆದ ಚಪ್ಪಲಿ ಹಾಕಿಕೊಂಡು ಬಚ್ಚಲಿಗೆ ಹೋದರೆ ಏನಾಗುತ್ತದೆ ಎಂದು ಗೊತ್ತಿತ್ತು. ಮಳೆಗಾಲ ಬೇರೆ ಶುರುವಾಗಿತ್ತು. ಟ್ಯಾಂಕಿನ ಮೇಲೆ ಕೂರುತ್ತಿದ್ದುದು ನಮ್ಮ ಕೂಸು.

"ರೀ, ಹಿಂದಿನ ಟೈರು ಬೋಳಾಗಿದೆ. ಬದಲಾಯಿಸಿ."

"ನನ್ನ ತಲೇನೂ ಬೋಳಾಗಿದೆ. ಬದಲಾಯಿಸ್ತೀಯಾ?"

"ತಲೆ ಮೇಲೆ ಮಗು ಕೂರ್ಸಲ್ವಲ್ಲ!"

ಅವರು ನಕ್ಕರು. ಒಂದು ಟೈರನ್ನು ಎಷ್ಟು ವರ್ಷ ಓಡಿಸಿದೆ ಎನ್ನುವುದು ಅವರಿಗೆ ಮೊಮ್ಮಗಳ ಮಾರ್ಕ್ಸ್‌ಗಿಂತ ದೊಡ್ಡ ಹೆಮ್ಮೆ. "ಗಾಡಿ ಓಡ್ಸೋನ ಕೈ ಮುಖ್ಯ ಕಣೇ, ಟೈರಲ್ಲ" ಎಂದು ಕಿಕ್ ಹೊಡೆದು ಹೋದರು. ನಾನು ಬಿಡಲಿಲ್ಲ. ಸಾರು ಬಡಿಸುವಾಗ ಟೈರು, ಬಟ್ಟೆ ಒಣಹಾಕುವಾಗ ಟೈರು, ಅವರು ಪೇಪರ್ ಬಿಚ್ಚಿದರೆ ಅದರ ಹಿಂದಿನಿಂದ ಟೈರು. ಕೊನೆಗೆ ಒಂದು ಸಂಜೆ ಎದೆ ಉಬ್ಬಿಸಿಕೊಂಡು ಬಂದರು.

"ನೋಡ್ಕೋ ಹೋಗು. ಆಯ್ತು ನಿನ್ನ ಟೈರು."

ಮಬ್ಬುಗತ್ತಲಲ್ಲಿ ಇಣುಕಿ ನೋಡಿದೆ. ಗೀರುಗಳು ಆಳವಾಗಿ ಕಂಡವು. ಖುಷಿಗೆ ಅವತ್ತು ಬೋಂಡ ಮಾಡಿದೆ. ಮೊಮ್ಮಗಳಿಗಿಂತ ಅವರೇ ಹೆಚ್ಚು ತಿಂದರು.

ಮರುದಿನ ಗುರುವಾರ. ಅವರು ಬೈಕನ್ನು ರಂಗೋಲಿಯ ಮೇಲೆ ತಳ್ಳಿಕೊಂಡು ಹೋಗಿ, ಗೇಟಿನ ಹೊರಗೆ ನಿಲ್ಲಿಸಿ, ಮೊಮ್ಮಗಳ ಶೂ ಹುಡುಕಲು ಒಳಗೆ ಬಂದರು. ನಾನು ಅಚ್ಚನ್ನು ನೋಡುತ್ತಾ ನಿಂತೆ. ಗೀರು ಬಿದ್ದಿದ್ದವು ನಿಜ. ಆದರೆ ಒಂದು ದಪ್ಪ, ಒಂದು ಸಣ್ಣ. ಒಂದು ಎಡಕ್ಕೆ ವಾಲಿದೆ, ಇನ್ನೊಂದು ತುದಿಯಲ್ಲಿ ಕೊಂಕಿದೆ. ನಾನು ಲಂಗ ಹಾಕುವ ಕಾಲದಿಂದ ಎಳೆ ಎಳೆದವಳು. ಯಂತ್ರ ಎಳೆದ ಗೆರೆ ಯಾವುದು, ಮನುಷ್ಯ ಅವಸರದಲ್ಲಿ ಎಳೆದ ಗೆರೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸೆರಗು ಸಿಕ್ಕಿಸಿಕೊಂಡು ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಗೀರಿನೊಳಗೆ ಉಗುರು ಹಾಕಿದೆ. ತಳದಲ್ಲಿ ನೂಲು ಸಿಕ್ಕಿತು. ಟೈರಿನ ಒಳಗಿರಬೇಕಾದ ನೂಲು.

"ರೀ, ಇದು ಹಳೇ ಟೈರೇ. ಯಾರ ಕೈಲಿ ಕೊಯ್ಸಿದ್ರಿ?"

ಅವರ ಕೈಯಲ್ಲಿದ್ದ ಶೂ ಕೆಳಗೆ ಬಿತ್ತು. "ನಿಂಗೆ ಯಾರ್ ಹೇಳಿದ್ದು?"

"ನಿಮ್ಮ ಟೈರೇ ಬರೆದುಕೊಟ್ಟಿದೆ, ನೋಡಿ ಬನ್ನಿ."

ನಾಯಂಡಹಳ್ಳಿ ಹತ್ತಿರ ರಸ್ತೆ ಬದಿಯಲ್ಲಿ ಬಿಸಿ ಬ್ಲೇಡಿನಿಂದ ಬೋಳು ಟೈರಿಗೆ ಗೀರು ಕೊಯ್ದು ಕೊಡುವವರಿದ್ದರಂತೆ. "ಎಲ್ರೂ ಮಾಡಿಸ್ತಾರೆ ಕಣೇ. ಇನ್ನೊಂದ್ ವರ್ಷ ಬರುತ್ತೆ" ಎಂದರು. ಇರುವ ಅಷ್ಟಿಷ್ಟು ರಬ್ಬರನ್ನೂ ಕೊಯ್ದುಕೊಂಡು ಬಂದು, ಅದು ಬಾಳಿಕೆ ಬರುತ್ತದೆ ಅನ್ನುತ್ತಿದ್ದಾರಲ್ಲ! ನಾನೇ ಮೊಮ್ಮಗಳ ಕೈ ಹಿಡಿದುಕೊಂಡು ಬಸ್‌ಸ್ಟಾಪಿಗೆ ನಡೆದೆ. ಸ್ಕೂಲು ತಲುಪುವಾಗ ಬೆಲ್ ಹೊಡೆದಾಗಿತ್ತು.

ಆದರೆ ದಿನಾ ಕೈ ಹಿಡಿದುಕೊಂಡು ಬಸ್ಸು ಹತ್ತಿದರೆ ಅವರು ಒಬ್ಬರೇ ಆ ಟೈರಿನ ಮೇಲೆ ಓಡಾಡುತ್ತಾರೆ. ಅದೂ ನನಗೆ ಬೇಕಾಗಿರಲಿಲ್ಲ. ನನಗೂ ಇರುವುದು ಒಬ್ಬರೇ ಗಂಡ.

ಶುಕ್ರವಾರ ಎಂದಿಗಿಂತ ಬೇಗ ಎದ್ದೆ. ಗೇಟಿನ ಈ ಕಂಬದಿಂದ ಆ ಕಂಬದವರೆಗೆ ದೊಡ್ಡ ಕಮಲ ಬಿಡಿಸಿ, ಅರಿಶಿನ ಕುಂಕುಮ ತುಂಬಿ, ನಟ್ಟನಡುವೆ ದೀಪ ಹಚ್ಚಿಟ್ಟೆ. ಬತ್ತಿ ಕಿರುಬೆರಳಷ್ಟು ದಪ್ಪ, ಎಣ್ಣೆ ಕಂಠದವರೆಗೆ. ಅವರು ಬೈಕು ತಳ್ಳಿಕೊಂಡು ಬಂದು ಅಲ್ಲೇ ನಿಂತರು.

"ಇದೇನೇ ಇದು?"

"ಶುಕ್ರವಾರ ಅಲ್ವಾ, ಲಕ್ಷ್ಮಿಗೆ."

"ದೀಪ ತೆಗಿ, ಲೇಟಾಗುತ್ತೆ."

"ಶುಕ್ರವಾರ ಬೆಳಗ್ಗೆ ಉರಿಯೋ ದೀಪ ನಾನ್ ತೆಗೆಯಲ್ಲಪ್ಪ. ನೀವೇ ಆರಿಸ್ಬಿಡಿ."

ದಿನಾ ಎರಡು ಹೊತ್ತು ದೇವರಿಗೆ ಕೈ ಮುಗಿಯುವ ಮನುಷ್ಯ. ದೀಪವನ್ನೂ ನೋಡಿದರು, ನನ್ನನ್ನೂ ನೋಡಿದರು. ಎದುರು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಧಾರವಾಡದ ಕಾಲೇಜು ಹುಡುಗ ಬ್ರಷ್ ಬಾಯಲ್ಲಿಟ್ಟುಕೊಂಡೇ ಕೂಗಿದ, "ಯಾಕ್ರಿ ಅಂಕಲ್, ಗಾಡಿ ಅರೆಸ್ಟ್ ಆಗೇತೇನ್ರಿ?"

"ಗಾಡಿ ಅಲ್ಲಪ್ಪ, ನಾನು" ಎಂದರು ಇವರು.

ಅವತ್ತು ಅಜ್ಜ, ಮೊಮ್ಮಗಳು ಇಬ್ಬರೂ ಬಸ್ಸಿಗೆ ಹೋದರು. ನಾನು ಆಗಾಗ ಹೋಗಿ ಎಣ್ಣೆ ಹಾಕುತ್ತಾ ಇದ್ದೆ. ಮಧ್ಯಾಹ್ನ ವಾಪಸು ಬಂದವರೇ ಸ್ಪ್ಯಾನರ್ ತೆಗೆದು, ಗೊಣಗುತ್ತಾ ಹಿಂದಿನ ಚಕ್ರ ಬಿಚ್ಚಿದರು. ದೀಪದ ಪಕ್ಕದಿಂದ ನುಸುಳಿ, ಚಕ್ರವನ್ನು ಸೊಂಟಕ್ಕೆ ಮಗುವಿನ ಹಾಗೆ ಎತ್ತಿಕೊಂಡು ಆಟೋ ಹತ್ತಿದರು. ಈ ಸಲ ನಾನೂ ಜೊತೆಗೆ ಹತ್ತಿದೆ. ಅಂಗಡಿಯಲ್ಲಿ ಹೊಸ ಟೈರಿನ ಮೈಮೇಲಿನ ರಬ್ಬರ್ ಕೂದಲನ್ನು ಮುಟ್ಟಿ ನೋಡಿ, ಹಳೆಯದನ್ನು ನನ್ನ ಕಣ್ಣೆದುರೇ ಎರಡು ತುಂಡು ಮಾಡಿಸಿದೆ. ಅಂಗಡಿಯವರು ಹೇಳಿದರು, "ಹೊಸ್ದು ಸಾರ್, ಮೊದ್ಲು ಸ್ವಲ್ಪ ಜಾರತ್ತೆ. ಹೊಳಪು ಹೋಗೋ ತನಕ ನಿಧಾನಕ್ಕೆ ಓಡ್ಸಿ."

ಜಾರತ್ತೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಹೇಗೆ? ಶನಿವಾರವೂ ಇಬ್ಬರನ್ನೂ ಬಸ್ಸಿಗೇ ಕಳಿಸಿದೆ. ಭಾನುವಾರ ಒಂದು ಸುತ್ತು ಹೋಗಿಬರಲೆಂದು ಮೊಮ್ಮಗಳು ಟ್ಯಾಂಕ್ ಹತ್ತಲು ಹೊರಟಾಗ ಅವಳನ್ನು ಇಳಿಸಿ, ನಾನು ಹಿಂದೆ ಹತ್ತಿ ಕೂತೆ.

"ನಿಂಗ್ಯಾಕೆ ಈ ವಯಸ್ಸಲ್ಲಿ?"

"ಮೊದ್ಲು ನಾನು. ಆಮೇಲೆ ಮಗು. ನಡೀರಿ, ನಿಧಾನಕ್ಕೆ."

ತುಂತುರು ಹನಿಯುತ್ತಿತ್ತು. ಉಲ್ಲಾಳದ ಕಡೆ ಹೋಗಿ, ಸುತ್ತಿಕೊಂಡು ಮೈಸೂರು ರಸ್ತೆಗೆ ಬಂದೆವು. ಕೆಂಗೇರಿ ಬಸ್‌ಸ್ಟ್ಯಾಂಡ್ ಹತ್ತಿರ ಮುಂದಿದ್ದ ಬಸ್ಸು ಹೇಳದೆ ಕೇಳದೆ ನಿಂತುಬಿಟ್ಟಿತು. ಇವರು ಬ್ರೇಕ್ ಒತ್ತಿದರು. ನಾನು ಕಣ್ಣು ಮುಚ್ಚಿ ಅವರ ಅಂಗಿ ಹಿಡಿದುಕೊಂಡೆ. ಕಣ್ಣು ಬಿಟ್ಟಾಗ ಗಾಡಿ ಒಂಚೂರೂ ಅಲುಗದೆ ಒದ್ದೆ ರಸ್ತೆಯಲ್ಲಿ ನಿಂತಿತ್ತು. ಬಸ್ಸಿನ ಹಿಂಭಾಗ ಮೊಳ ದೂರದಲ್ಲಿತ್ತು.



"ಅಂಗಿ ಬಿಡೇ, ಹರಿಯತ್ತೆ" ಎಂದರು. ಆಮೇಲೆ ಮೆಲ್ಲಗೆ, "ಪಾಸಾ?"

"ಹಿಂದಿನ್ದು ಪಾಸು. ನಾಳೆ ಮಗೂನ ಕರ್ಕೊಂಡ್ ಹೋಗಿ. ಹಂಗೇ ಇಳೀರಿ ಒಂದ್ನಿಮಿಷ, ಮುಂದಿನ ಟೈರು ನೋಡ್ಬೇಕು."