ಎರಡು ದೀಪಗಳ ಕೆಳಗೆ ಒಂದೇ ಗಿಡ

ಪುಟ್ಟೇನಹಳ್ಳಿಯ ಚನ್ನಕೇಶವನಿಗೆ ಐವತ್ತು ದಾಟಿದ ಮೇಲೆ ಮೀನಿನ ಹುಚ್ಚು ಹತ್ತಿತು. ಮನೆ ಕಟ್ಟಿಸುವ ಕಂಟ್ರಾಕ್ಟರು, ದಿನವಿಡೀ ಸಿಮೆಂಟು, ಜಲ್ಲಿ, ಕೂಗಾಟ. ಸಂಜೆ ಬಂದು ಕೂತರೆ ಕಣ್ಣಿಗೆ ತಂಪಾಗಿ ಒಂದು ಗಾಜಿನ ತೊಟ್ಟಿ ಇರಲಿ, ಅದರಲ್ಲಿ ಪ್ಲಾಸ್ಟಿಕ್ಕಿನದಲ್ಲ, ಜೀವಂತ ಗಿಡ ಇರಲಿ ಎಂಬುದು ಅವನ ಆಸೆ. ನೀರಿನ ಗಿಡಕ್ಕೆ ಬಿಡುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಸಿಲಿಂಡರಿನ ರಗಳೆ ಬೇಡ, ಸುಲಭವಾಗಿ ಬೆಳೆಯುವಂಥದ್ದು ಸಾಕು ಎಂದು ಮೊದಲೇ ತೀರ್ಮಾನಿಸಿದ್ದ. ತೊಟ್ಟಿ ಬಂತು, ಮರಳು ಬಂತು. ಎಲ್‌ಇಡಿ ಲೈಟೊಂದು ಬಾಕಿ ಉಳಿಯಿತು.

ಭಾನುವಾರ ಹೆಂಡತಿ ಮಂಜುಶ್ರೀಯನ್ನು ಕರೆದುಕೊಂಡು ಸಹಕಾರನಗರದ ಮೀನಿನ ಅಂಗಡಿಗೆ ಹೋದ. ಅಂಗಡಿಯ ಮನ್ಸೂರ್ ಒಂದು ತೊಟ್ಟಿಯ ಮೇಲೆ ಸಾದಾ ಬಿಳಿ ಲೈಟು ಹಚ್ಚಿ ತೋರಿಸಿದ. ಆಮೇಲೆ ಅದನ್ನು ತೆಗೆದು, ಕೆಂಪು, ಹಸಿರು, ನೀಲಿ ಮೂರೂ ಬೆರೆತ ಇನ್ನೊಂದನ್ನು ಇಟ್ಟ. ಮಂಜುಶ್ರೀ ಮೂಲೆಯ ಗಿಡವೊಂದನ್ನು ನೋಡಿ, ಎಷ್ಟು ಚೆನ್ನಾಗಿ ಕಾಣುತ್ತೆ, ಇದೇ ಲೈಟಿರಲಿ ಅಂದಳು. ಚನ್ನಕೇಶವನಿಗೆ ನಗು ಬಂತು.

“ಏನ್ ವ್ಯತ್ಯಾಸ ಇದೆ ಅದ್ರಲ್ಲಿ? ಒಣಗಿದ ಎಲೆ ಥರಾನೇ ಇದೆ. ಪಕ್ಕದ ಗಿಡಾನೂ ಹಂಗೇ ಇದೆ.”

“ರೀ, ಅದು ಕೆಂಪು ಗಿಡ. ಪಕ್ಕದ್ದು ಹಸಿರು.”

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ಮನ್ಸೂರ್ ಏನೂ ಅರಿಯದೆ, ಕುಂಕುಮದಂಥ ಬಣ್ಣ ಸಾರ್, ಎಲ್ಲರೂ ಇದನ್ನೇ ಕೇಳ್ತಾರೆ ಅಂದ. ಚನ್ನಕೇಶವ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಎರಡೂ ಒಂದೇ ಮಣ್ಣಿನ ಬಣ್ಣ.

ಲೈಟು ಕೊಳ್ಳದೆ ಹಿಂದಿರುಗಿದರು. ದಾರಿಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಮಂಜುಶ್ರೀ ಮೆಲ್ಲಗೆ ಕೇಳಿದಳು, ಮತ್ತೆ ಇದು ಹೇಗೆ ಗೊತ್ತಾಗುತ್ತೆ ಎಂದು. ಮೇಲಿನದು ಉರಿದರೆ ನಿಲ್ಲೋದು, ಕೆಳಗಿನದು ಉರಿದರೆ ಹೋಗೋದು, ಎಲ್ಲರೂ ಹಾಗೇ ಅಲ್ಲವಾ ಅಂದ. ಅವಳು ಬಾಯಿಗೆ ಸೆರಗು ಹಿಡಿದು ಕೂತಳು.

ಮರುದಿನ ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಚಿತ್ರಗಳನ್ನು ಮುಂದಿಟ್ಟರು. ಚುಕ್ಕಿಗಳ ನಡುವೆ ಅಡಗಿದ ಅಂಕಿಗಳನ್ನು ಮಂಜುಶ್ರೀ ಪಟಪಟನೆ ಓದಿದಳು. ಅವನಿಗೆ ಬರೀ ಚುಕ್ಕಿ. ಹುಟ್ಟಿನಿಂದಲೇ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ, ಇದಕ್ಕೆ ಔಷಧಿ ಇಲ್ಲ, ಹೆದರಬೇಡಿ ಅಂದರು ಡಾಕ್ಟರು. ಅಷ್ಟು ವರ್ಷ ಶೇಡ್ ಕಾರ್ಡಿನ ನಂಬರು ಹೇಳಿ ಪೇಂಟು ತರಿಸಿ ಊರ ಗೋಡೆಗಳಿಗೆ ಬಳಿಸಿದ ಮನುಷ್ಯ, ಆ ಚಿತ್ರಗಳನ್ನು ಮತ್ತೆ ಮೊದಲಿನಿಂದ ತಿರುವಿ ನೋಡಿದ.

ಮನೆಗೆ ಬಂದು ಅಕ್ಕ ಸೊಣ್ಣಮ್ಮನಿಗೆ ಫೋನು ಮಾಡಿದ. ಚಿಕ್ಕಂದಿನಲ್ಲಿ ಮೆಣಸಿನಕಾಯಿ ಬಿಡಿಸುವಾಗ ಅವನ ಬುಟ್ಟಿಯಲ್ಲಿ ಕೆಂಪು ಹಣ್ಣಿನ ಜೊತೆ ಹಸಿರು ಕಾಯಿಯೂ ಇರುತ್ತಿತ್ತು. ಮೈಗಳ್ಳ, ನೋಡಿ ಬಿಡಿಸೋಕ್ಕೇನು ಎಂದು ಅಪ್ಪ ಹೊಲದಲ್ಲೇ ಬಾರಿಸುತ್ತಿದ್ದ. ತಾನು ಮೈಗಳ್ಳನೇ ಇರಬೇಕೆಂದು ಅವನೂ ನಂಬಿಬಿಟ್ಟಿದ್ದ. ಡಾಕ್ಟರು ಹೇಳಿದ್ದನ್ನೆಲ್ಲ ಅಕ್ಕನಿಗೆ ಹೇಳಿದ.

“ನಿಂಗೆ ಕಾಣ್ತಾನೇ ಇರ್ಲಿಲ್ವೇನೋ?” ಅಂದಳು ಸೊಣ್ಣಮ್ಮ. “ಸುಮ್‌ಸುಮ್ನೆ ಒಡೆದ್ನಲ್ಲೋ ಅಪ್ಪ. ಅಮ್ಮನ ಕಡೆ ತಾತಂಗೂ ಇಂಗೇ ಇತ್ತು ಅನ್ಸುತ್ತೆ ಕಣೋ. ಹಣ್ಣು ಯಾವ್ದು ಅಂತ ಅಜ್ಜೀನೇ ಆರಿಸಿ ಕೊಡ್ತಿದ್ಲು.”

ಫೋನಿಟ್ಟ ಮೇಲೆ ಅವನು ಅತ್ತ. ಮದುವೆಯಾದ ಮೇಲೆ ಅವನ ಕಣ್ಣೀರನ್ನು ಮಂಜುಶ್ರೀ ನೋಡಿದ್ದು ಅದೇ ಮೊದಲು.

ವಾರ ಕಳೆದು ಅವಳೇ ಅವನನ್ನು ಮತ್ತೆ ಅಂಗಡಿಗೆ ಎಳೆದುಕೊಂಡು ಹೋದಳು. ಕೆಂಪು ಗಿಡಕ್ಕೆ ಜೋರು ಲೈಟೂ ಬೇಕು, ಗ್ಯಾಸೂ ಬೇಕು, ಗ್ಯಾಸಿಲ್ಲದೆ ಜೋರು ಲೈಟು ಹಾಕಿದರೆ ತೊಟ್ಟಿ ತುಂಬ ಪಾಚಿ ಕಟ್ಟುತ್ತೆ ಎಂದು ಮನ್ಸೂರ್ ಹೇಳಿದ. ಹಾಗಾದರೆ ಆ ಗಿಡವೇ ಬೇಡ ಅಂದಳು. ಒಂದೊಂದೇ ಲೈಟು ಹಚ್ಚಿಸಿ, ಯಾವುದರಲ್ಲಿ ಮೀನು ನಿಮಗೆ ಚೆನ್ನಾಗಿ ಕಾಣುತ್ತೆ ಹೇಳಿ ಎಂದು ಗಂಡನನ್ನೇ ಕೇಳಿದಳು. ಅವನು ಸಾದಾ ಬಿಳಿಯದನ್ನು ತೋರಿಸಿದ, ಹೆಚ್ಚು ಪ್ರಖರವಲ್ಲದ್ದು. ಅದೇ ಬಂತು.

ಸಂಜೆ ತೊಟ್ಟಿಗೆ ಸಣ್ಣ ಮೀನುಗಳನ್ನು ಬಿಟ್ಟರು. ಮೈಮೇಲಿನ ನೀಲಿ ಗೆರೆ ಅವನಿಗೆ ಮಿಂಚಿನಂತೆ ಕಂಡಿತು.

“ಆ ಗೆರೆ ಕೆಳಗೆ ಏನಾದ್ರೂ ಇದ್ಯಾ?”

“ಇದೆ. ಕೆಂಪು. ಬಾಲದವರೆಗೂ.”

ಅವನು ತಲೆಯಾಡಿಸಿ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.