ಬಣ್ಣಗಾರನ ದೋಣಿ, ಹೆಂಡತಿಯ ಮೂಗು

ಬಣ್ಣಗಾರನಿಗೆ ಮೂಗೇನೋ ಇತ್ತು, ಆದರೆ ಕನ್ನಡಕ ಕೂರಿಸುವುದಕ್ಕೆ ಮಾತ್ರ. ಆಯುಷ್ಯವೆಲ್ಲ ಬೇರೆಯವರ ಕಿಟಕಿ ಬಾಗಿಲಿಗೆ ಬಣ್ಣ ಬಳಿದು, ಥಿನ್ನರ್ ಘಾಟನ್ನೇ ಉಸಿರಾಡಿ, ಅವನಿಗೆ ಹೂವೂ ಒಂದೇ, ಮೋರಿಯೂ ಒಂದೇ ಆಗಿಹೋಗಿತ್ತು. ಹಾಗಾಗಿ ಕೆಲಸ ಬಿಟ್ಟ ಮೇಲೆ ಹಳೆಯ ಹಾಯಿದೋಣಿಯೊಂದನ್ನು ಕೊಂಡಾಗ, ಮಾರಿದವನು ಯಾಕೆ ಅಷ್ಟೊಂದು ನಗುತ್ತ ಕೈಕುಲುಕಿದನೆಂದು ಅವನಿಗೆ ಹೊಳೆಯಲೇ ಇಲ್ಲ.

ಹೆಂಡತಿಗೆ ಒಳಗಿಳಿಯುವಾಗಲೇ ಹೊಳೆಯಿತು.

"ರೀ, ಇದೇನು ದೋಣಿನಾ, ತೇಲೋ ಕಕ್ಕಸಾ?"

"ಸಮುದ್ರದ ವಾಸನೆ ಕಣೇ."

"ಸಮುದ್ರ ಅಂಥದ್ದೇನು ತಿಂದಿತ್ತಂತೆ?"

ದಡಕ್ಕೆ ಹಾರಿ ಅವಳು ತೀರ್ಪು ಕೊಟ್ಟಳು. ಬರುವ ಭಾನುವಾರದೊಳಗೆ ವಾಸನೆ ಹೋಗಬೇಕು, ಇಲ್ಲವಾದರೆ ದೋಣಿ ಹೋಗಬೇಕು. ಇಬ್ಬರೇ ದಂಡೆಗುಂಟ ಹೋಗುವುದು, ಕತ್ತಲಾದಲ್ಲಿ ಲಂಗರು ಹಾಕಿ ಮಲಗುವುದು, ಇಷ್ಟೇ ಅವನು ಬಯಸಿದ್ದು. ಅವಳಿಲ್ಲದ ದೋಣಿ ಅವನಿಗೆ ಬಣ್ಣ ಹಚ್ಚಬೇಕಾದ ಇನ್ನೊಂದು ಗೋಡೆ, ಅಷ್ಟೆ.

ಜಗತ್ತಿನ ಯಾವ ಕೊರತೆಯನ್ನಾದರೂ ಎರಡು ಕೋಟ್‌ನಲ್ಲಿ ಮುಚ್ಚಬಹುದೆಂದು ನಂಬಿದವನು ಅವನು. ಕಮೋಡಿನಿಂದ ಕೊಳಚೆ ಟ್ಯಾಂಕಿಗೆ ಹೋಗುವ ಮೆತ್ತನೆಯ ಪೈಪಿಗೆ ಮಿರಿಮಿರಿ ಬಿಳಿ ಬಣ್ಣ ಬಳಿದ. ದೋಣಿ ಅಲುಗಿದಂತೆ ಪೈಪೂ ಬಳುಕಿತು, ಬಣ್ಣ ಹಪ್ಪಳದಂತೆ ಬಿರಿಯಿತು. ನೋಡಲು ಬಂದ ಹೆಂಡತಿ ದೋಣಿಗೆ ಹತ್ತುವ ಹಲಗೆ ದಾಟದೆಯೇ ಮೂಗು ಮುಚ್ಚಿಕೊಂಡು ವಾಪಸಾದಳು.

ಕೊನೆಗೆ ಅವಳ ತಮ್ಮನನ್ನೇ ಕರೆಸಬೇಕಾಯಿತು. ಅವನು ಮನೆಗಳ ನಲ್ಲಿ ಕೊಳಾಯಿ ರಿಪೇರಿ ಮಾಡುವವನು, ಬಾಯಿಗೆ ಬೀಗವಿಲ್ಲದವನು.

"ಭಾವ, ಪೈಪಿಗೂ ಪೌಡರ್ ಬಳಿದಿದ್ದೀರಲ್ಲ! ಮದುವೆ ಇದೆಯಾ ಇದಕ್ಕೆ?"

"ನಕ್ಕಿದ್ದು ಸಾಕು. ಎಲ್ಲಿ ಸೋರ್ತಿದೆ, ಹೇಳು."

"ಎಲ್ಲೂ ಸೋರ್ತಿಲ್ಲ. ಪೈಪೋ, ಟ್ಯಾಂಕೋ, ಕಮೋಡೋ, ಯಾವುದೋ ಒಂದು ವಾಸನೆ ಕುಡಿದು ಕೂತಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಒಂದೊಂದಕ್ಕೂ ಸುತ್ತಿ. ತಣ್ಣಗಾದ್ಮೇಲೆ ಬಟ್ಟೆ ಮೂಸಿದ್ರೆ ಕಳ್ಳ ಸಿಗ್ತಾನೆ."

"ಮೂಸೋದ್ಯಾರು? ನನಗೆ ಮೂಗಿಲ್ಲ, ನಿನಗೆ ನೆಗಡಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ಸಂಜೆ ಮೂರು ಬಟ್ಟೆಗಳು ಅವಳದೇ ಅಡುಗೆಮನೆಯ ಮೂರು ಸ್ಟೀಲ್ ಡಬ್ಬಿಗಳಲ್ಲಿ ಅವಳ ಮುಂದೆ ಬಂದು ಕೂತವು. ಬಾಯಿಗೆ ಬಂದಂತೆ ಬೈದಳು, ಆದರೂ ಮೂಸಿದಳು. ಟ್ಯಾಂಕಿನದು ಬರೀ ಒದ್ದೆ ಬಟ್ಟೆ. ಕಮೋಡಿನ ಬುಡದ್ದು ಸೋಪು. ಪೈಪಿನ ಡಬ್ಬಿ ತೆರೆದವಳು ತಟ್ಟನೆ ಮುಚ್ಚಿ, ಕಿಟಕಿಗೆ ಹೋಗಿ ತಲೆ ಹೊರಗೆ ಹಾಕಿ ನಿಂತಳು.

"ಇದೇ. ಆ ಡಬ್ಬಿ ಮಾತ್ರ ಇನ್ನು ನನ್ನ ಮನೆಗೆ ಬರಕೂಡದು."

ಅಂಗಡಿಯಲ್ಲಿ ಬಣ್ಣಗಾರನ ಕೈ ಮತ್ತೆ ಅಂಥದೇ ಮೆತ್ತನೆಯ ಬಿಳಿ ಪೈಪಿನತ್ತ ಹೋಯಿತು. ಒಳಗಿನ ಬಣ್ಣಕ್ಕೆ ಒಪ್ಪುತ್ತದೆಂದು ಅವನ ವಾದ. ಭಾವಮೈದುನ ಕೈಗೇ ಹೊಡೆದ. "ಅದೇ ಅಲ್ವಾ ಭಾವ ಈಗ ನಾರ್ತಿರೋದು! ಮೆತ್ತಗಿರೋದೇ ಬೇಗ ಕುಡಿಯೋದು."

ನೇರ ದಾರಿಗೆಲ್ಲ ಮನೆಗೆ ಹಾಕುವಂಥ ಗಟ್ಟಿ ಪೈಪು, ಎರಡು ತುದಿಗೆ ಮಾತ್ರ ಕೊಳಚೆಗೆಂದೇ ಮಾಡಿದ ದಪ್ಪ ಕರಿ ರಬ್ಬರು ಎಂದು ತೀರ್ಮಾನವಾಯಿತು. ರಬ್ಬರು ಹೆಬ್ಬಾವಿನಂತೆ ಸೆಟೆದುಕೊಂಡಿತು. ಕುದಿನೀರಲ್ಲಿ ಅದ್ದಿ, ಅದರ ಮೇಲೆ ಕೂತು, ಅದರ ಅಮ್ಮನನ್ನೂ ಅಜ್ಜಿಯನ್ನೂ ನೆನೆದು ಇಬ್ಬರೂ ಸೇರಿ ತುದಿಗಳಿಗೆ ತುರುಕಿದರು. "ಎಲ್ಲೂ ಪೈಪಿನ ಹೊಟ್ಟೆ ಜೋತು ಬೀಳಬಾರದು, ಅಲ್ಲೇ ಕೊಳಚೆ ನಿಂತು ಸಂಸಾರ ಹೂಡುತ್ತೆ" ಎಂದು ಭಾವಮೈದುನ ಉದ್ದಕ್ಕೂ ಪಟ್ಟಿ ಹೊಡೆದು ಬಿಗಿದ.

ಭಾನುವಾರ ಅವಳು ಬಂದಳು. ಹಾಸಿಗೆ ಎತ್ತಿ ಮೂಸಿದಳು, ನೆಲದ ಹಲಗೆ ಸರಿಸಿ ಮೂಸಿದಳು, ಹೊಸ ಪೈಪಿಗೆ ಮೂಗು ತಾಗಿಸಿದಳು. ಹಾಗೇ ಕಕ್ಕಸಿಗೆ ಹೋಗಿ ಚಿಲಕ ಹಾಕಿಕೊಂಡಳು. ಬಣ್ಣಗಾರ ಹೊರಗೆ ಬಾಗಿಲಿಗೆ ಕಿವಿಯಿಟ್ಟು ನಿಂತ.

"ಏನಾಯ್ತೇ? ಬಂತಾ ವಾಸನೆ?"

"ಅಯ್ಯೋ, ಇಲ್ಲೂ ನೆಮ್ಮದಿಯಾಗಿ ಕೂರೋಕೆ ಬಿಡಲ್ವಾ? ಹೋಗ್ರೀ ಆಚೆ!"

ಅವನು ಒಂದೇ ಉಸಿರಿಗೆ ಮೇಲಕ್ಕೆ ಓಡಿ ಹಗ್ಗ ಬಿಚ್ಚಿದ. ಅವಳು ಚಿಲಕ ತೆಗೆದು ಹೊರಬರುವಷ್ಟರಲ್ಲಿ ದಡ ಬಹಳ ಹಿಂದೆ ಉಳಿದಿತ್ತು.