ಚೀಲ ಕಟ್ಟಿದಂತೆ ಕಟ್ಟಿದ ಬೆಲ್ಟು

ಸಿಂಧನೂರಿನಲ್ಲಿ ನನ್ನದೊಂದು ಸೀಟು ಹೊಲಿಯುವ ಅಂಗಡಿ. ಟ್ರ್ಯಾಕ್ಟರು, ಆಟೋ, ಜೀಪು, ಯಾವುದೇ ಬರಲಿ, ಓಡಿಸುವವನ ಬೆನ್ನು ನೋಡಿಯೇ ಸೀಟು ಎಷ್ಟು ಎತ್ತರ ಇರಬೇಕೆಂದು ಹೇಳಬಲ್ಲೆ ಎಂಬ ಜಂಬ ನನಗೆ. ಆ ಜಂಬ ಇಳಿದದ್ದು ಹೋದ ವರ್ಷ.

ಮಗಳು ಲಿಂಗಸುಗೂರಿನಲ್ಲಿ ನೌಕರಿ ಮಾಡುತ್ತಾಳೆ. ಹಳೆಯ ಕಾರೊಂದನ್ನು ಕೊಂಡು, ಮಸ್ಕಿ ಹತ್ತಿರದ ಬೀಳು ಹೊಲದಲ್ಲಿ ನಡೆಯುವ ರೇಸಿಗೆ ಹೆಸರು ಕೊಟ್ಟಳು. ಅವಳ ಅವ್ವ ಎರಡು ದಿನ ಮಾತು ಬಿಟ್ಟಳು. ನಾನು ಮಾತ್ರ ನಟ್ಟು ಬಿಗಿಯುವ ಪಾನಾ ಹಿಡಿದು ಮುಂದೆ ಬಂದೆ. ನನ್ನ ಮಗಳ ಸೀಟನ್ನು ಬೇರೆ ಯಾವನೋ ಕೂರಿಸುವುದೆಂದರೆ ನಾಲ್ಕು ಜನ ಏನಂದಾರು?

ರೇಸಿನ ಸೀಟು ಸೊಂಟವನ್ನೂ ಪಕ್ಕೆಯನ್ನೂ ತಬ್ಬಿ ಹಿಡಿಯುತ್ತದೆ. ಹೆಲ್ಮೆಟ್ಟು ಹಾಕಿಸಿ ಅವಳನ್ನು ಕೂರಿಸಿದೆ. ಬೆನ್ನು ಸೀಟಿಗೆ ಒತ್ತಿ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲೆ ಬರಬೇಕು. ಕ್ಲಚ್ ಪೂರ್ತಿ ಒತ್ತಿದರೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಮೂರು ಸಲ ಬಿಚ್ಚಿ ಮೂರು ಸಲ ಬಿಗಿದೆ. ಅಷ್ಟರ ಮಟ್ಟಿಗೆ ಕೆಲಸ ಚೆನ್ನಾಗಿಯೇ ಆಯಿತು.

ತಪ್ಪಿದ್ದು ಬೆಲ್ಟಿನಲ್ಲಿ. ಭುಜದ ಮೇಲೆ ಹಾಯುವ ಎರಡು ಪಟ್ಟಿಗಳನ್ನು ಸೀಟಿನ ಹಿಂದೆ ಕೆಳಗೆಳೆದು ನೆಲಕ್ಕೆ ಬಿಗಿದೆ. ನಮ್ಮ ಕಡೆ ಟ್ರಾಲಿಯಲ್ಲಿ ಭತ್ತದ ಚೀಲ ಕಟ್ಟುವುದೇ ಹಾಗೆ. ಹಗ್ಗವನ್ನು ಮೇಲಿಂದ ಹಾಯಿಸಿ, ಕೆಳಗಿನ ಕೊಂಡಿಗೆ ಜಗ್ಗಿ ಬಿಗಿದರೆ ಬಳಗಾನೂರಿನ ಹಾದಿಯ ತಗ್ಗುಗಳಲ್ಲೂ ಚೀಲ ಮಿಸುಕುವುದಿಲ್ಲ.

ಮಗಳು ಫೋನಿನಲ್ಲಿ ಚಿತ್ರವೊಂದನ್ನು ತೋರಿಸಿದಳು. "ಅಪ್ಪಾ, ಸೀಟಿನ ಹಿಂದ ಒಂದು ಅಡ್ಡ ಪೈಪ್ ಅದ ನೋಡು. ಬೆಲ್ಟ್ ಅದಕ್ಕ ಬಿಗಿದಾರ."

"ಅದೆಲ್ಲ ಶೋಕಿ. ಬಿಗಿಯೋದು ನನಗ ಫೋನ್ ಕಲಿಸ್ತದೇನು?" ಎಂದು ರೇಗಿದೆ. ಅವಳು ನಕ್ಕು ಫೋನನ್ನು ಜೇಬಿಗಿಟ್ಟಳು.

ರೇಸಿನ ದಿನ ತಪಾಸಣೆಯವನು ಬೆಲ್ಟನ್ನು ಎರಡು ಸಲ ಜಗ್ಗಿ ನೋಡಿ, ಸರಿಯೆಂದು ತಲೆಯಾಡಿಸಿ, ಗಾಜಿಗೆ ಪಾಸಾದ ಚೀಟಿ ಅಂಟಿಸಿದ. ನಾನೇ ಅವಳನ್ನು ಬಿಗಿದು ಕೂರಿಸಿದೆ. ನಾಲ್ಕೈದು ಕಾರುಗಳ ಜೊತೆ ಅವಳದೂ ಹೊರಟಿತು. ಆಮೇಲೆ ಸುಮ್ಮನಿರಲಾರದೆ, ಮುಂದಿನ ಸರದಿಗೆ ನಿಂತಿದ್ದ ಕಾರೊಂದರೊಳಗೆ ಇಣುಕಿದೆ. ಅಲ್ಲಿಯೂ ಆ ಅಡ್ಡ ಪೈಪು, ಭುಜದ ಮಟ್ಟಕ್ಕೆ. ಯಾಕೆಂದು ಅದರ ಮೆಕ್ಯಾನಿಕ್‌ನನ್ನು ಕೇಳಿದೆ; ನಾನು ಹೇಗೆ ಬಿಗಿದಿದ್ದೇನೆಂದೂ ಹೇಳಿದೆ.

ಅವನ ಮುಖ ಇಳಿಯಿತು. "ನೆಲಕ್ಕ ಬಿಗಿದೀರೇನ್ರೀ? ಗಾಡಿ ಎಲ್ಲೆರ ಗುದ್ದಿದ್ರ ಬೆಲ್ಟ್ ಭುಜ ಹಿಡದು ಕೆಳಗ ಜಗ್ತದ. ಚೀಲಕ್ಕ ಬೆನ್ನೆಲುಬು ಇಲ್ರೀ. ಮನಷ್ಯಾಗ ಅದ."

ಓಡಿ ಹೋಗಿ ರೇಸಿಗೆ ಬಾವುಟ ಬೀಸುವವನ ತೋಳು ಹಿಡಿದೆ. "ನನ್ನ ಮಗಳ ಗಾಡಿ ನಿಲ್ಸ್ರೀ."

"ನಡುವ ನಿಲ್ಸಿದ್ರ ಹಿಂದಿನವ್ರು ಬಂದು ಗುದ್ತಾರ್ರೀ ಯಜಮಾನ್ರ. ಐದು ಸುತ್ತು ಮುಗೀಲಿ, ಸುಮ್ನ ನಿಂದರ್ರಿ."

ನಿಂತೆ. ಜೇಬಿನಲ್ಲಿ ಪಾನಾ ಇತ್ತು, ಕೈಯಲ್ಲಿ ಕಸುಬಿತ್ತು, ಎರಡರಿಂದಲೂ ಮೂರು ಕಾಸಿನ ಉಪಯೋಗವಿರಲಿಲ್ಲ. ಇಷ್ಟು ಅಸಹಾಯಕನಾಗಿ ನಾನು ಎಂದೂ ನಿಂತವನಲ್ಲ, ಅವಳು ಹುಟ್ಟುವಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತಾಗಲೂ. ಶಿವನಿಗೆ ಹರಕೆ ಹೊರಲು ಸಹ ಬಾಯಿ ಬರಲಿಲ್ಲ. ಮಾಡಿದ್ದು ನಾನು, ಅವನನ್ನು ಯಾವ ಮುಖದಿಂದ ಕರೆಯಲಿ? ಧೂಳೊಳಗೆ ಅವಳ ಬಿಳಿ ಕಾರು ಕಾಣುತ್ತಿತ್ತು, ಮರೆಯಾಗುತ್ತಿತ್ತು. ನಾಲ್ಕನೆಯ ಸುತ್ತಿನಲ್ಲಿ ಅದು ಬದು ಹತ್ತಿ, ಹಾರಿ, ಧೊಪ್ಪನೆ ಬಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಕಾರು ಓಡುತ್ತಲೇ ಇತ್ತು.

ಕೊನೆಗೆ ಬಂದು ನಿಂತಳು. ನಾನು ಬೆಲ್ಟಿಗೆ ಕೈ ಹಾಕುವಷ್ಟರಲ್ಲಿ ಅವಳೇ ಬಿಚ್ಚಿಕೊಂಡಳು. "ಬೆನ್ನು ನೋಯಾಕತ್ತದೇನವ್ವಾ?" ಎಂದೆ. ಇಲ್ಲವೆಂದು ತಲೆಯಾಡಿಸಿದಳು. ಮುಖ ತುಂಬ ಧೂಳು, ಧೂಳಿನ ತುಂಬ ನಗು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಂದಳು:

"ಬದುವಿನ ಹತ್ರ ಎಲ್ಲಾರೂ ಬ್ರೇಕ್ ಹಿಡಿದ್ರಪ್ಪಾ. ನಾ ಹಿಡೀಲಿಲ್ಲ. ಬೆಲ್ಟ್ ನೀ ಬಿಗಿದೀ ಅಂತ ಧೈರ್ಯ ಇತ್ತು."